ಕೂಸಿನ ಮೈಮೇಲೆ ಗುಳ್ಳೆ ಎದ್ದಾಗ ಏನು ನೋಡಬೇಕು?

ಗುಳೇದಗುಡ್ಡದಿಂದ ಒಬ್ಬ ತಾಯಿ ಬರೆದ ಪತ್ರ: "ನನ್ನ ಮಗನಿಗೆ ಎರಡು ವರ್ಷ. ಮೊನ್ನೆ ಸಂಜೆ ಮೈ ಸ್ವಲ್ಪ ಬಿಸಿ ಇತ್ತು. ನಿನ್ನೆ ಬೆಳಿಗ್ಗೆ ಹೊಟ್ಟೆ ಮೇಲೆ ನಾಲ್ಕೈದು ಕೆಂಪು ಗುಳ್ಳೆ ಕಂಡವು. ಇವತ್ತು ಬೆನ್ನಿಗೂ ಮುಖಕ್ಕೂ ಬಂದಿವೆ. ಒಂದೆರಡರಲ್ಲಿ ನೀರು ತುಂಬಿದ ಹಾಗಿದೆ. ಅತ್ತೆಯವರು 'ತಾಯಿ ಬಂದಾಳ, ದವಾಖಾನಿಗೆ ಒಯ್ಯಬ್ಯಾಡ' ಅಂತಾರೆ. ಪಕ್ಕದ ಮನೆಯವರು ಸೊಳ್ಳೆ ಕಡಿದದ್ದು ಅಂತಾರೆ. ಔಷಧಿ ಅಂಗಡಿಯಲ್ಲಿ ತುರಿಕೆಗೆ ಒಂದು ಮುಲಾಮು ಕೊಟ್ಟರು, ಇನ್ನೂ ಹಚ್ಚಿಲ್ಲ. ಎರಡು ವಾರದ ಹಿಂದೆ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಅಲ್ಲಿ ತಿಂದದ್ದು ಒಗ್ಗಲಿಲ್ಲವೇ? ಮುಂದಿನ ವಾರ ಬಸುರಿ ನಾದಿನಿಯ ಕುಬಸ (ಸೀಮಂತ) ಇದೆ. ಇದು ಚಿಕನ್ ಪಾಕ್ಸ್ ಹೌದೋ ಅಲ್ಲವೋ ಹೇಗೆ ತಿಳಿಯಬೇಕು?"

ಸಂಪಾದಕರ ಉತ್ತರ:

ತಂಗಿ, ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ ಕೂಸನ್ನು ಮಕ್ಕಳ ಡಾಕ್ಟರ್‌ಗೆ ತೋರಿಸಿ ಎಂದಿದ್ದೆವು. ನೀವು ತೋರಿಸಿದಿರಿ, ಚಿಕನ್ ಪಾಕ್ಸ್ ಅಂತ ಗೊತ್ತಾಯಿತು, ಈಗ ಹಕ್ಕಳೆ ಉದುರುತ್ತಿವೆ. ಕೇಳಿ ಸಮಾಧಾನವಾಯಿತು. ಆದರೂ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಚಳಿ ಕಡಿಮೆಯಾಗಿ ಬಿಸಿಲು ಏರುವ ಹೊತ್ತಿಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇವತ್ತು ರಾತ್ರಿ ಯಾವುದೋ ಮನೆಯಲ್ಲಿ ಒಬ್ಬ ತಾಯಿ ಮೊಬೈಲ್ ಟಾರ್ಚ್ ಹಿಡಿದು ಮಗುವಿನ ಹೊಟ್ಟೆ ನೋಡುತ್ತಿರಬಹುದು. ಈ ಉತ್ತರ ಅವರಿಗೂ ಬೇಕು.

ಒಂದು ಗುಳ್ಳೆ ನೋಡಿ ಯಾರೂ ತೀರ್ಮಾನ ಹೇಳಲು ಆಗುವುದಿಲ್ಲ. ಇಡೀ ಮೈ ನೋಡಬೇಕು, ಎರಡು ಹೊತ್ತು ನೋಡಬೇಕು. ಬಾಗಿಲ ಹತ್ತಿರ ಹಗಲಿನ ಬೆಳಕಿನಲ್ಲಿ ಕೂಸಿನ ಬಟ್ಟೆ ಪೂರ್ತಿ ತೆಗೆಯಿರಿ. ಕುಂಚಿಗೆ ಕಟ್ಟಿದ್ದರೆ ಅದನ್ನೂ ಬಿಚ್ಚಿ. ನಮ್ಮಲ್ಲಿ ಖಣದ ಕುಂಚಿಗೆ ತಲೆ, ಕಿವಿ, ಕುತ್ತಿಗೆ ಎಲ್ಲವನ್ನೂ ಮುಚ್ಚುತ್ತದೆ. ಚಿಕನ್ ಪಾಕ್ಸ್ ಇದ್ದರೆ ನೆತ್ತಿಯ ಕೂದಲೊಳಗೆ ಬಹಳ ಸಲ ಮೊದಲೇ ಗುಳ್ಳೆ ಇರುತ್ತದೆ. ಕೂದಲು ಬಿಡಿಸಿ ಬಿಡಿಸಿ ನೋಡಿ. ಕಿವಿ ಹಿಂದೆ, ಕಂಕುಳು, ಚಡ್ಡಿಯ ಜಾಗ, ರೆಪ್ಪೆ, ಬಾಯೊಳಗೆ, ಯಾವುದನ್ನೂ ಬಿಡಬೇಡಿ.

ಇದು ಸಾಮಾನ್ಯವಾಗಿ ಹೊಟ್ಟೆ, ಎದೆ, ಬೆನ್ನು, ಮುಖದಿಂದ ಶುರುವಾಗುತ್ತದೆ. ಕೈಕಾಲಿಗೆ ಆಮೇಲೆ, ಅದೂ ಕಡಿಮೆ. ಮೊದಲು ಕೆಂಪು ಚುಕ್ಕೆ, ಆಮೇಲೆ ಉಬ್ಬು. ಒಂದು ದಿನದೊಳಗೆ ಅದರ ಮೇಲೆ ತೆಳು ಚರ್ಮದ ನೀರ್ಗುಳ್ಳೆ, ಗುಲಾಬಿ ಎಸಳಿನ ಮೇಲೆ ಇಬ್ಬನಿ ಕೂತ ಹಾಗೆ. ಮುಂದೆ ನೀರು ಮಬ್ಬಾಗಿ, ಒಣಗಿ, ಹಕ್ಕಳೆ ಕಟ್ಟುತ್ತದೆ. ಮೂರ್ನಾಲ್ಕು ದಿನ ಹೊಸ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಹಾಗಾಗಿ ಎರಡನೇ ಮೂರನೇ ದಿನದ ಹೊತ್ತಿಗೆ ಅಂಗೈ ಅಗಲದ ಜಾಗದಲ್ಲೇ ಚುಕ್ಕೆ, ನೀರ್ಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತವೆ. ಗಟ್ಟಿ ಗುರುತು ಅಂದರೆ ಇದೇ.

ಅದನ್ನು ಪತ್ತೆ ಹಚ್ಚಲು ಒಂದು ಸುಲಭ ಕೆಲಸ ಮಾಡಿ. ಹೊಟ್ಟೆಯ ಮೇಲಿನ ಒಂದು ಹೊಸ ಚುಕ್ಕೆಯ ಸುತ್ತ ಬಾಲ್‌ಪೆನ್ನಿನಿಂದ ಮೆಲ್ಲಗೆ ವೃತ್ತ ಎಳೆಯಿರಿ. ಫೋಟೋ ತೆಗೆಯಿರಿ. ಸಂಜೆ ಒಂದು, ಮರುದಿನ ಬೆಳಿಗ್ಗೆ ಇನ್ನೊಂದು ಫೋಟೋ. ವೃತ್ತದೊಳಗಿನ ಚುಕ್ಕೆಗೆ ನೀರು ತುಂಬಿತೇ, ವೃತ್ತದ ಹೊರಗೆ ಹೊಸದು ಎದ್ದಿದೆಯೇ ಅಂತ ಆಗ ತಿಳಿಯುತ್ತದೆ. ಡಾಕ್ಟರ್‌ಗೂ ಆ ಫೋಟೋಗಳು ಉಪಯೋಗ. ಆದರೆ ಫೋಟೋಗೋಸ್ಕರ ಅಂತ ಡಾಕ್ಟರ್ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬೇಡಿ.

ಜಾತ್ರೆಯ ತಿಂಡಿಯನ್ನು ಬಿಟ್ಟುಬಿಡಿ. ಜಾತ್ರೆಯ ಜನಜಂಗುಳಿಯನ್ನು ಮಾತ್ರ ನೆನಪಿಸಿಕೊಳ್ಳಿ. ಸೋಂಕು ತಗುಲಿದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ ಬೇಕು, ಹೆಚ್ಚಾಗಿ ಎರಡು ವಾರ. ನಿಮ್ಮ ಲೆಕ್ಕ ಸರಿಯಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಉಸಿರಿನಿಂದ ಹರಡಲು ಶುರುವಾಗುತ್ತದೆ, ಹಾಗಾಗಿ ಯಾರಿಂದ ಬಂತು ಅಂತ ಹುಡುಕಿ ಫಲವಿಲ್ಲ. ಮನೆಯಲ್ಲಿ ಯಾರಿಗಾದರೂ ಸರ್ಪಸುತ್ತು ಆಗಿದೆಯಾ ಅಂತ ಕೂಡ ನೋಡಿ. ಅದೂ ಇದೇ ವೈರಸ್. ಚಿಕ್ಕಂದಿನಲ್ಲಿ ಬಂದದ್ದು ನರದೊಳಗೆ ಅಡಗಿ ಕೂತು ವಯಸ್ಸಾದ ಮೇಲೆ ಹೊರಬರುತ್ತದೆ. ಅಜ್ಜನ ಸರ್ಪಸುತ್ತಿನ ಗುಳ್ಳೆಯ ನೀರು ತಾಗಿದರೆ ಮೊಮ್ಮಗನಿಗೆ ಚಿಕನ್ ಪಾಕ್ಸ್ ಬರಬಹುದು.

ಇನ್ನು ಬೇರೆ ಏನಿರಬಹುದು? ಹೆಚ್ಚು ಗೊಂದಲ ಮಾಡುವುದು ಕೈ-ಕಾಲು-ಬಾಯಿ ರೋಗ. ಈ ವಯಸ್ಸಿನ ಮಕ್ಕಳಲ್ಲಿ ಜಾಸ್ತಿ. ಅದರಲ್ಲೂ ಜ್ವರ, ಅದರಲ್ಲೂ ನೀರ್ಗುಳ್ಳೆ. ಆದರೆ ಅವು ಅಂಗೈ, ಅಂಗಾಲು, ಮೊಣಕಾಲು, ಕುಂಡೆಯ ಮೇಲೆ ಏಳುತ್ತವೆ. ಬಾಯೊಳಗೆ ಹುಣ್ಣಾಗಿ ಕೂಸು ಜೊಲ್ಲು ಸುರಿಸುತ್ತದೆ, ತುತ್ತು ಬಾಯಿಗಿಟ್ಟರೆ ಅಳುತ್ತದೆ. ಹೊಟ್ಟೆ ಬೆನ್ನು ಬಹುಪಾಲು ಚೊಕ್ಕ ಇರುತ್ತದೆ. ಚಿಕನ್ ಪಾಕ್ಸ್‌ನಲ್ಲಿ ಇದು ತಿರುವು ಮುರುವು: ಮೈ ತುಂಬ ಗುಳ್ಳೆ, ಅಂಗೈ ಅಂಗಾಲಿನಲ್ಲಿ ವಿರಳ.

ಸೊಳ್ಳೆ, ಹುಳ ಕಡಿದದ್ದಾದರೆ ಬಟ್ಟೆ ಮುಚ್ಚದ ಕೈಕಾಲಿನ ಮೇಲೆ ಇರುತ್ತದೆ, ನಡುವೆ ಕಡಿದ ಗುರುತು ಕಾಣುತ್ತದೆ, ಜ್ವರ ಇರುವುದಿಲ್ಲ. ಬೆವರುಸಾಲೆ ಕುತ್ತಿಗೆ, ಬೆನ್ನು, ಮಡಿಕೆಗಳಲ್ಲಿ ಸಣ್ಣದಾಗಿ ಒತ್ತೊತ್ತಾಗಿ ಬರುತ್ತದೆ. ತಣ್ಣಗೆ ಗಾಳಿಯಾಡಲು ಬಿಟ್ಟರೆ ಇಳಿಯುತ್ತದೆ. ಕಜ್ಜಿ ಬೆರಳ ಸಂದಿಯಲ್ಲಿ, ರಾತ್ರಿ ತುರಿಕೆ ಜಾಸ್ತಿ, ಮನೆಯ ಬೇರೆಯವರಿಗೂ ತುರಿಕೆ ಇರುತ್ತದೆ. ದಡಾರ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಮೂರ್ನಾಲ್ಕು ದಿನ ಜೋರು ಜ್ವರ, ಕೆಮ್ಮು, ಮೂಗು ಸೋರುವುದು, ಕೆಂಪು ಕಣ್ಣು, ಆಮೇಲೆ ಕಿವಿ ಹಿಂದಿನಿಂದ ಮುಖಕ್ಕೆ, ಮೈಗೆ ಇಳಿಯುವ ಕೆಂಪು. ಅದರಲ್ಲಿ ನೀರು ತುಂಬುವುದಿಲ್ಲ. ಹಾಗೆ ಕಂಡರೆ ಆಶಾ ಕಾರ್ಯಕರ್ತೆಗೂ ತಿಳಿಸಿ.

ಈಗ ಅತ್ತೆಯವರ ಮಾತು. ಅವರನ್ನು ಎದುರು ಹಾಕಿಕೊಳ್ಳಬೇಡಿ. ಅವರು ಹೇಳಿದ್ದರಲ್ಲಿ ಒಳ್ಳೆಯದೂ ಇದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಬಂದುಹೋಗುವವರನ್ನು ನಿಲ್ಲಿಸಿ, ಕೂಸನ್ನು ತಂಪಾದ ಕೋಣೆಯಲ್ಲಿ ಮಲಗಿಸುವುದು ಸೋಂಕು ಹರಡದ ಹಾಗೆ ಮಾಡುವ ಕೆಲಸವೇ. ದೇವಿಗೆ ಎಡೆ ಹಿಡಿಯಲಿ, ಮನೆಯಲ್ಲಿ ಒಗ್ಗರಣೆ ಹಾಕದಿರಲಿ, ತೊಂದರೆ ಇಲ್ಲ. ನಾನು ಕೈಮುಗಿದು ಕೇಳುವುದು ಮೂರೇ: ಡಾಕ್ಟರ್‌ಗೆ ತೋರಿಸುವುದನ್ನು ತಡೆಯಬೇಡಿ, ಸ್ನಾನ ನಿಲ್ಲಿಸಬೇಡಿ, ಊಟ ಕಟ್ಟಬೇಡಿ. ದಿನಾ ಉಗುರುಬೆಚ್ಚಗಿನ ನೀರು ಹಾಕಿದರೆ ತುರಿಕೆ ಕಡಿಮೆಯಾಗುತ್ತದೆ, ಗುಳ್ಳೆ ಕೀವಾಗುವುದು ತಪ್ಪುತ್ತದೆ. ಉಜ್ಜಬಾರದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಬೇಕು, ಅಷ್ಟೇ. ಗಂಜಿ, ಮಜ್ಜಿಗೆ, ಎಳನೀರು, ಅನ್ನ, ಮೆತ್ತಗಿನ ಏನಾದರೂ ಕೊಡಿ. ಎದೆಹಾಲು ಕುಡಿಯುತ್ತಿದ್ದರೆ ಬಿಡಿಸಬೇಡಿ.

ಹಿರಿಯರು ತಮ್ಮ ತೋಳಿನ ಮೇಲಿನ ಹಳೆಯ ಲಸಿಕೆ ಕಲೆ ತೋರಿಸಿ "ನಮಗೆಲ್ಲ ಹಾಕ್ಯಾರ, ಏನೂ ಆಗಂಗಿಲ್ಲ" ಅನ್ನುವುದುಂಟು. ಆ ಕಲೆ ಸಿಡುಬಿನ ಲಸಿಕೆಯದು. ಸಿಡುಬು ಭೂಮಿಯಿಂದಲೇ ಹೋಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಚಿಕನ್ ಪಾಕ್ಸ್ ಬೇರೆ ವೈರಸ್. ಅದನ್ನು ಆ ಲಸಿಕೆ ತಡೆಯುವುದಿಲ್ಲ.

ಮುಲಾಮು ಹಚ್ಚದೆ ಇದ್ದದ್ದು ಬಹಳ ಒಳ್ಳೆಯದಾಯಿತು. ತುರಿಕೆಗೆ ಅಂಗಡಿಯಲ್ಲಿ ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಇಲ್ಲಿ ಅದು ಬೇಡ. ಕ್ಯಾಲಮೈನ್ ಲೋಷನ್ ಸಾಕು, ಕಣ್ಣು ಬಾಯಿ ಬಿಟ್ಟು ಹಚ್ಚಿ. ಉಗುರು ಚಿಕ್ಕದಾಗಿ ಕತ್ತರಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್, ಕೂಸಿನ ತೂಕಕ್ಕೆ ತಕ್ಕಷ್ಟು, ಡಾಕ್ಟರ್ ಹೇಳಿದ ಲೆಕ್ಕದಲ್ಲಿ. ಆಸ್ಪಿರಿನ್ ಕೊಡಲೇಬಾರದು, ಮಿದುಳಿಗೂ ಯಕೃತ್ತಿಗೂ ಅಪಾಯ ತರಬಹುದು. ಐಬುಪ್ರೊಫೆನ್ ಕೂಡ ಬೇಡ. ಚರ್ಮದ ಸೋಂಕು ಒಳಕ್ಕಿಳಿದು ಜೋರಾಗುವ ಭಯ ಇದೆ. ಜ್ವರದ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇದೂ ಬೆರೆತಿರುತ್ತದೆ. ಕೊಳ್ಳುವಾಗಲೇ ಕೇಳಿ.

ಹೆಚ್ಚಿನ ಮಕ್ಕಳಿಗೆ ಒಂದು ವಾರ, ಹತ್ತು ದಿನದಲ್ಲಿ ವಾಸಿಯಾಗುತ್ತದೆ. ಆದರೆ ಜ್ವರ ನಾಲ್ಕು ದಿನ ದಾಟಿದರೆ ಅಥವಾ ಇಳಿದ ಜ್ವರ ಮತ್ತೆ ಏರಿದರೆ ತಡಮಾಡಬೇಡಿ. ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೂ ಅಷ್ಟೇ. ಕೂಸು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ನಡೆಯುವಾಗ ತೂರಾಡಿದರೆ, ಉಸಿರು ಕಷ್ಟವಾದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಕುತ್ತಿಗೆ ಬಿಗಿದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ. ಗಾಜಿನ ಲೋಟ ಒತ್ತಿದರೂ ಬಣ್ಣ ಮಾಸದ ಕೆಂಪು-ನೇರಳೆ ಕಲೆ ಜ್ವರದ ಜೊತೆ ಕಂಡರೂ ಹಾಗೆಯೇ. ಅದು ಚಿಕನ್ ಪಾಕ್ಸ್‌ಗಿಂತ ಗಂಭೀರವಾದದ್ದಾಗಿರಬಹುದು. ಒಂದು ವರ್ಷದೊಳಗಿನ ಕೂಸು, ಕ್ಯಾನ್ಸರ್‌ಗೋ ಬೇರೆ ಕಾಯಿಲೆಗೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುತ್ತಿರುವ ಮಗು ಆದರೆ ಮೊದಲ ದಿನವೇ ತೋರಿಸಬೇಕು. ಇಂಥವರಿಗೆ ವೈರಸ್ ತಡೆಯುವ ಔಷಧಿ ಇದೆ, ಬೇಗ ಶುರು ಮಾಡಿದರೆ ಮಾತ್ರ ಅದರ ಲಾಭ.

ಕುಬಸದ ವಿಷಯ ನನಗೆ ಹೆಚ್ಚು ಚಿಂತೆ ತಂದದ್ದು. ಗುಳ್ಳೆ ಚಿಕನ್ ಪಾಕ್ಸ್ ಹೌದೋ ಅಲ್ಲವೋ ಅಂತ ಗೊತ್ತಾಗುವ ತನಕ ಕೂಡ, ಹೌದು ಅಂತಲೇ ತಿಳಿದು ನಡೆಯಬೇಕು. ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಇದು ಹರಡುತ್ತದೆ. ನಾದಿನಿಗೆ ಚಿಕ್ಕಂದಿನಲ್ಲಿ ಬಂದುಹೋಗಿದ್ದರೆ ಭಯ ಬಹಳ ಕಡಿಮೆ. ಬಂದಿಲ್ಲ ಅಥವಾ ನೆನಪಿಲ್ಲ ಅಂದರೆ, ಕೂಸಿನ ಜೊತೆ ಈಗಾಗಲೇ ಒಂದೇ ಕೋಣೆಯಲ್ಲಿ ಇದ್ದಿದ್ದರೆ, ಗುಳ್ಳೆ ಏಳಲಿ ಅಂತ ಕಾಯಬಾರದು. ಅವತ್ತೇ ತನ್ನ ಹೆರಿಗೆ ಡಾಕ್ಟರ್‌ಗೆ ಫೋನ್ ಮಾಡಿ ಹೇಳಲಿ. ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ, ಬೇಕಾದರೆ ರಕ್ಷಣೆಯ ಇಂಜೆಕ್ಷನ್ ಕೊಡುತ್ತಾರೆ. ಬಸುರಿಯರಿಗೆ ಇದು ನ್ಯುಮೋನಿಯಾ ತಂದೀತು, ಹೊಟ್ಟೆಯಲ್ಲಿರುವ ಕೂಸಿಗೂ ತಾಗೀತು. ಕುಬಸ ಮುಂದಕ್ಕೆ ಹಾಕಿ. ಆಗದಿದ್ದರೆ ಅವರ ತವರಿನವರು ಬೇರೆ ಮನೆಯಲ್ಲಿ ಮಾಡಲಿ, ನೀವೂ ಕೂಸೂ ಹೋಗಬೇಡಿ. ಬೀಗರು ಬೇಜಾರು ಮಾಡಿಕೊಂಡರೆ ಈ ಪುಟವನ್ನೇ ಅವರಿಗೆ ಓದಿ ಹೇಳಿ.

ಅಂಗನವಾಡಿಗೂ ಹಕ್ಕಳೆ ಕಟ್ಟುವವರೆಗೆ ಕಳಿಸಬೇಡಿ, ಟೀಚರ್‌ಗೆ ವಿಷಯ ತಿಳಿಸಿ. ಮನೆಯಲ್ಲಿ ಅಥವಾ ಓಣಿಯಲ್ಲಿ ಜೊತೆಗೆ ಆಡಿದ, ಒಂದು ವರ್ಷ ದಾಟಿದ ಬೇರೆ ಮಕ್ಕಳಿಗೆ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ರೋಗ ತಪ್ಪಬಹುದು, ಬಂದರೂ ಹಗುರಾಗಬಹುದು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಇಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟು ಹಾಕಿಸಬೇಕು. ತಾಯಿ ಕಾರ್ಡಿನಲ್ಲಿ ಎಲ್ಲ ಲಸಿಕೆಗೂ ಗುರುತು ಬಿದ್ದಿದ್ದರೂ ಇದು ಆಗಿರುವುದಿಲ್ಲ ಅನ್ನುವುದು ಬಹಳ ಮನೆಗಳಿಗೆ ಗೊತ್ತಿಲ್ಲ. ಮೊದಲ ಡೋಸ್ 15 ತಿಂಗಳಿಗೆ, ಎರಡನೆಯದು ಯಾವಾಗ ಅಂತ ಮಕ್ಕಳ ಡಾಕ್ಟರ್ ಹೇಳುತ್ತಾರೆ. ಲಸಿಕೆ ಆದ ಮಗುವಿಗೂ ಒಮ್ಮೊಮ್ಮೆ ಬರುತ್ತದೆ. ಆಗ ಗುಳ್ಳೆ ಕೆಲವೇ ಕೆಲವು, ನೀರು ತುಂಬದೆಯೂ ಇರಬಹುದು, ಸೊಳ್ಳೆ ಕಡಿತ ಅನ್ನಿಸಿಬಿಡುತ್ತದೆ. ಅಂಥ ಮಗುವನ್ನೂ ಬಸುರಿಯರಿಂದ ದೂರ ಇಟ್ಟು ಡಾಕ್ಟರ್‌ಗೆ ತೋರಿಸಿ.