‘ಆ್ಯಡಂಬ್ರೇಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥವೇನು? ಅದನ್ನು ಎಲ್ಲಿ ಬಳಸಬಹುದು?

ಒಂದು ವಿಚಾರವನ್ನು ಪೂರ್ತಿಯಾಗಿ ಬಿಡಿಸಿ ಹೇಳದೆ ಅದರ ರೂಪರೇಖೆಯನ್ನಷ್ಟೇ ಮೂಡಿಸುವುದು ಈ ಪದದ ಮುಖ್ಯ ಅರ್ಥ. ಇದರ ಬೇರು ಲ್ಯಾಟಿನ್ನಿನ ‘ಉಂಬ್ರಾ’, ಅಂದರೆ ನೆರಳು. ‘ಅಂಬ್ರೆಲಾ’ ಮತ್ತು ಗ್ರಹಣದ ವಿವರಣೆಯಲ್ಲಿ ಬರುವ ‘ಪೆನಂಬ್ರಾ’ ಕೂಡ ಅದೇ ಬೇರಿನವು. ಉಚ್ಚಾರಣೆ ಹತ್ತಿರವೆನಿಸಿದರೂ ನಮ್ಮ ‘ಆಡಂಬರ’ಕ್ಕೂ ಇದಕ್ಕೂ ಸಂಬಂಧವಿಲ್ಲ.

ನೆರಳು ವಸ್ತುವಿನ ಆಕಾರವನ್ನು ತೋರಿಸುತ್ತದೆ, ವಿವರಗಳನ್ನು ತೋರಿಸುವುದಿಲ್ಲ. ಕೆಲವೊಮ್ಮೆ ವಸ್ತುವಿಗಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ಬಿದ್ದ ಜಾಗವನ್ನು ಮಸುಕಾಗಿಸುತ್ತದೆ. ಪದದ ಮೂರು ಅರ್ಥಗಳನ್ನು ಹೀಗೆ ನೆನಪಿಡಬಹುದು: ಸ್ಥೂಲವಾಗಿ ಚಿತ್ರಿಸು, ಮುನ್ಸೂಚಿಸು, ಮರೆಮಾಡು. ಮೂರನೆಯದು ಈಗ ವಿರಳ.

‘ಲೇಖಕರು ಮುಂದೆ ವಿಸ್ತರಿಸಲಿರುವ ವಾದವನ್ನು ಪೀಠಿಕೆಯಲ್ಲೇ ಆ್ಯಡಂಬ್ರೇಟ್ ಮಾಡಿದ್ದಾರೆ’ ಎಂಬುದು ಸರಿಯಾದ ಪ್ರಯೋಗ. ಇದು ಸಕರ್ಮಕ ಕ್ರಿಯಾಪದವಾದ್ದರಿಂದ ಯಾವುದನ್ನು ಎಂಬ ಪ್ರಶ್ನೆಗೆ ವಾಕ್ಯದಲ್ಲಿ ಉತ್ತರವಿರಲೇಬೇಕು. ಸಾರಾಂಶ ಹೇಳುವುದು ಎಂಬ ಅರ್ಥದಲ್ಲಿ ಇದನ್ನು ಬಳಸುವುದು ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ ಸಾರಾಂಶವು ಹೇಳಿ ಮುಗಿಸಿದ್ದನ್ನು ಅಡಕಗೊಳಿಸುತ್ತದೆ, ಇದು ಇನ್ನೂ ಪೂರ್ಣಗೊಳ್ಳದ್ದರತ್ತ ಕೈತೋರುತ್ತದೆ.

ತತ್ತ್ವಶಾಸ್ತ್ರ ಓದುವವರಿಗೆ ‘ಆ್ಯಡಂಬ್ರೇಷನ್’ ಎಂಬ ನಾಮಪದ ಬೇರೆ ಕಾರಣಕ್ಕೆ ಎದುರಾಗುತ್ತದೆ. ನಾವು ನೋಡುವ ವಸ್ತು ಒಮ್ಮೆಗೆ ಒಂದು ಮಗ್ಗುಲಿನಿಂದ ಮಾತ್ರ ಗೋಚರಿಸುತ್ತದೆ ಎಂಬುದನ್ನು ಹೇಳಲು ತತ್ತ್ವಜ್ಞಾನಿ ಎಡ್ಮಂಡ್ ಹುಸರ್ಲ್ ಬಳಸಿದ ‘ಆಬ್‌ಶಾಟುಂಗ್’ ಎಂಬ ಜರ್ಮನ್ ಪದಕ್ಕೆ ಇಂಗ್ಲಿಷ್ ಅನುವಾದಕರು ಇದನ್ನೇ ಆರಿಸಿಕೊಂಡರು. ಆ ಜರ್ಮನ್ ಪದದ ಒಳಗಿರುವುದೂ ನೆರಳೇ.

ದಿನನಿತ್ಯದ ಬರಹಕ್ಕೆ ‘ಔಟ್‌ಲೈನ್’ ಸಾಕು.