ಏಳು ಮಾಕ್ ಬರೆದ್ರೂ ಸ್ಕೋರ್ ಅಲ್ಲೇ ಕೂತಿದೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಾನು ವಿದೇಶದಲ್ಲಿ ಪಿಜಿ ಮಾಡೋಕೆ ಬರೆಯೋ ಜಿಆರ್‌ಇ ಪರೀಕ್ಷೆಗೆ ಓದ್ತಾ ಇದೀನಿ. ಎರಡು ತಿಂಗಳಲ್ಲಿ ಏಳು ಮಾಕ್ ಟೆಸ್ಟ್ ಬರೆದೆ. ಮೊದಲನೇದ್ರಲ್ಲಿ 308, ಆಮೇಲೆ 311, 309, 312, 310, 309, ಮೊನ್ನೆ ಬರೆದಿದ್ದು 311. ಕ್ವಾಂಟ್ (ಗಣಿತ) 160, ವರ್ಬಲ್ (ಇಂಗ್ಲಿಷ್) 150, ಅಲ್ಲಲ್ಲೇ ಗೂಟ ಹೊಡ್ಕೊಂಡು ಕೂತಿವೆ. ಪ್ರತಿ ಸಲ ಮುಗಿದ ಮೇಲೆ ತಪ್ಪಾಗಿರೋದ್ರ ಸೊಲ್ಯೂಷನ್ ಓದ್ತೀನಿ, ಓದಿದಾಗ ಎಲ್ಲಾ ಅರ್ಥ ಆಗುತ್ತೆ. ಪರೀಕ್ಷೆಗೆ ಐದು ವಾರ ಇದೆ. ವಾರಕ್ಕೆ ಎರಡರ ಹಾಗೆ ಇನ್ನೂ ಹತ್ತು ಮಾಕ್ ಬರೆದ್ರೆ 320 ದಾಟ್ತೀನಾ?

ಉತ್ತರ: ದಾಟೋದು ಕಷ್ಟ, ಬೇಜಾರ್ ಮಾಡ್ಕೋಬೇಡಿ. ಹತ್ತು ಮಾಕ್ ಬರೆದ್ರೆ ಇನ್ನೂ ಹತ್ತು ಸಲ 310ರ ಆಸುಪಾಸಲ್ಲಿ ಬರುತ್ತೆ ಅಷ್ಟೇ. ನೀವು ಕೊಟ್ಟಿರೋ ಏಳು ನಂಬರ್ ನೋಡಿದ್ರೆ ನನಗೆ ಕಾಣೋದು ಒಂದೇ ಸ್ಕೋರು. 312 ಬಂದ ದಿನ ಕುಣಿದಾಡಿ 309 ಬಂದ ದಿನ ಊಟ ಬಿಟ್ಟಿರ್ತೀರ ಅಂತ ಅಂದ್ಕೋತೀನಿ, ಎರಡೂ ಬೇಕಾಗಿರ್ಲಿಲ್ಲ, ಎರಡ್ಮೂರು ಪಾಯಿಂಟ್ ಆಕಡೆ ಈಕಡೆ ಆಗೋದು ಯಾರಿಗಾದ್ರೂ ಇದ್ದಿದ್ದೇ.

ನಿಮ್ಮ ಪತ್ರದಲ್ಲಿ ನನಗೆ ಸಿಕ್ಕ ಮುಖ್ಯವಾದ ಮಾತು ಅಂದ್ರೆ "ಓದಿದಾಗ ಎಲ್ಲಾ ಅರ್ಥ ಆಗುತ್ತೆ". ಕಳ್ಳ ಅಲ್ಲೇ ಇದಾನೆ. ಬೇರೆಯವರು ಬಿಡಿಸಿಟ್ಟ ಲೆಕ್ಕ ಓದಿದ್ರೆ ಯಾರಿಗೆ ಅರ್ಥ ಆಗಲ್ಲ ಹೇಳಿ, ಅದು ನಿಮಗೆ ಬರುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಇನ್ಮೇಲೆ ಸೊಲ್ಯೂಷನ್ ತೆಗೀಬೇಡಿ. ಮಾಕ್ ಬರೆದ ಮಾರನೇ ದಿನ, ತಪ್ಪಾದ ಪ್ರಶ್ನೆಗಳನ್ನ ಉತ್ತರ ನೋಡದೆ, ಗಡಿಯಾರನೂ ನೋಡದೆ ಮತ್ತೆ ಬಿಡಿಸಿ. ಸರಿ ಬಂತಾ? ಹಾಗಾದ್ರೆ ವಿಷಯ ಗೊತ್ತಿದೆ, ಕೈ ಕೊಟ್ಟಿದ್ದು ಟೈಮೋ ಗಾಬರಿಯೋ. ಮತ್ತೆ ತಪ್ಪೇ ಬಂತಾ? ಆಗ ಆ ಚಾಪ್ಟರ್‌ಗೇ ವಾಪಸ್ ಹೋಗ್ಬೇಕು. ಈ ಎರಡಕ್ಕೂ ಮದ್ದು ಬೇರೆ ಬೇರೆ, ನೀವು ಇಷ್ಟು ದಿನ ಎರಡಕ್ಕೂ "ಇನ್ನೊಂದು ಮಾಕ್" ಅನ್ನೋ ಒಂದೇ ಮಾತ್ರೆ ನುಂಗ್ತಾ ಇದೀರ.

ಇನ್ನೊಂದು, ಸರಿಯಾದ ಉತ್ತರಗಳನ್ನೂ ನಂಬಬೇಡಿ. ಜಿಆರ್‌ಇಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಎಲ್ರೂ ಗೊತ್ತಿಲ್ದಿದ್ರೂ ಒಂದನ್ನ ಒತ್ತಿ ಬರ್ತಾರೆ, ಬರ್ಲೇಬೇಕು ಕೂಡ. ಆದ್ರೆ ಆ ಅದೃಷ್ಟದ ಉತ್ತರನೂ ನಿಮ್ಮ 311ರೊಳಗೆ ಸೇರ್ಕೊಂಡಿರುತ್ತೆ. ಬರೆಯೋವಾಗ್ಲೇ ರಫ್ ಹಾಳೆ ಮೇಲೆ, ಅನುಮಾನ ಇದ್ದ ಪ್ರಶ್ನೆ ನಂಬರ್ ಮುಂದೆ ಒಂದು ಚುಕ್ಕಿ ಇಡಿ. ಆಮೇಲೆ ಚುಕ್ಕಿ ಇಟ್ಟಿದ್ದೆಲ್ಲ, ಸರಿ ಬಂದಿದ್ರೂ, ತಪ್ಪಿನ ಲೆಕ್ಕಕ್ಕೇ ಹಾಕಿ.

ಒಂದು ನೋಟ್‌ಬುಕ್ ಇಡಿ. ಅದ್ರಲ್ಲಿ "ಆಲ್ಜೀಬ್ರಾ ತಪ್ಪು" "ಸಿಲ್ಲಿ ಮಿಸ್ಟೇಕ್" ಅಂತ ಬರೆದ್ರೆ ಏನೂ ಉಪಯೋಗ ಇಲ್ಲ, ಸಿಲ್ಲಿ ಮಿಸ್ಟೇಕ್ ಅನ್ನೋ ಪದಾನೇ ನಾನು ಬ್ಯಾನ್ ಮಾಡ್ತೀನಿ. ಆ ಕ್ಷಣದಲ್ಲಿ ತಲೇಲಿ ಏನ್ ಓಡ್ತು ಅಂತ ಬರೀರಿ. ಉದಾಹರಣೆಗೆ ಕ್ವಾಂಟಿಟೇಟಿವ್ ಕಂಪ್ಯಾರಿಸನ್‌ನಲ್ಲಿ ಎಕ್ಸ್ ಸೊನ್ನೆಗಿಂತ ದೊಡ್ಡದು, ಎಕ್ಸ್ ವರ್ಗ ದೊಡ್ಡದೋ ಎಕ್ಸ್ ದೊಡ್ಡದೋ ಅಂತ ಕೇಳ್ತಾರೆ ಅಂದ್ಕೊಳ್ಳಿ. 2, 3 ಹಾಕಿ ನೋಡಿ ವರ್ಗಾನೇ ದೊಡ್ಡದು ಅಂತ ಒತ್ತಿಬಿಡ್ತೀವಿ. ಎಕ್ಸ್ ಅರ್ಧ ಆದ್ರೆ ವರ್ಗ ಕಾಲು, ಅಂದ್ರೆ ಚಿಕ್ಕದು, ಎಕ್ಸ್ 1 ಆದ್ರೆ ಎರಡೂ ಸಮ. ಸರಿ ಉತ್ತರ "ಹೇಳೋಕಾಗಲ್ಲ". ಇದನ್ನ ನೋಟ್‌ಬುಕ್ಕಲ್ಲಿ "ಭಿನ್ನರಾಶಿ ಹಾಕಿ ನೋಡ್ಲಿಲ್ಲ" ಅಂತ ಬರೀಬೇಕು. ಮೂರು ಮಾಕ್ ಆಗೋಷ್ಟರಲ್ಲಿ ಇದೇ ಸಾಲು ಐದಾರು ಸಲ ಬಂದಿರುತ್ತೆ ನೋಡಿ, ಜಾಮೆಟ್ರಿಲೂ ಬಂದಿರುತ್ತೆ, ನಂಬರ್ಸ್‌ನಲ್ಲೂ ಬಂದಿರುತ್ತೆ, ಚಾಪ್ಟರ್ ಬೇರೆ ಆದ್ರೂ ಚಾಳಿ ಒಂದೇ.

ವರ್ಬಲ್ ನಿಮಗೆ ಜಾಸ್ತಿ ಕೈ ಕೊಡ್ತಿದೆ, ಅಂದ್ರೆ ಏರೋಕೆ ಜಾಗ ಜಾಸ್ತಿ ಇರೋದೂ ಅಲ್ಲೇ. ಟೆಕ್ಸ್ಟ್ ಕಂಪ್ಲೀಷನ್, ಅಂದ್ರೆ ಖಾಲಿ ಜಾಗ ತುಂಬೋ ಪ್ರಶ್ನೆ, ತಪ್ಪಾದಾಗ ಎಲ್ರೂ "ವೊಕ್ಯಾಬ್ ವೀಕು" ಅಂತ ಪದಪಟ್ಟಿ ಹಿಡ್ಕೊಂಡು ಕೂತ್ಬಿಡ್ತಾರೆ. ಮೊದ್ಲು ನೋಡಿ, ಪದ ಗೊತ್ತಿರ್ಲಿಲ್ವಾ, ಇಲ್ಲಾ ಪದ ಗೊತ್ತಿದ್ದೂ ವಾಕ್ಯ ಮಧ್ಯದಲ್ಲಿ ಉಲ್ಟಾ ತಿರುಗಿದ್ದನ್ನ ಗಮನಿಸ್ಲಿಲ್ವಾ. ಎರಡನೇದಾದ್ರೆ ಸಾವಿರ ಪದ ಬಾಯಿಪಾಠ ಮಾಡಿದ್ರೂ ಅಷ್ಟೇ. ಮೂರು ಖಾಲಿ ಜಾಗದ ಪ್ರಶ್ನೇಲಿ ಎರಡು ಸರಿ ಒಂದು ತಪ್ಪು ಅಂದ್ರೂ ಸೊನ್ನೆನೇ, ಅರ್ಧ ಮಾರ್ಕ್ ಇಲ್ಲ. ರೀಡಿಂಗ್‌ನಲ್ಲಿ ಪ್ಯಾಸೇಜ್ ಹೇಳದೇ ಇರೋ ಆದ್ರೆ ನಮಗೆ ನಿಜ ಅನ್ನಿಸೋ ಆಯ್ಕೆಗೆ ಬೀಳ್ತೀವಿ, ನೀವು ಒತ್ತಿದ ಆಯ್ಕೆಗೆ ಪ್ಯಾಸೇಜಲ್ಲಿ ಯಾವ ಸಾಲು ಆಧಾರ ಅಂತ ಬೆರಳಿಟ್ಟು ತೋರ್ಸಿ, ಸಿಗ್ಲಿಲ್ಲ ಅಂದ್ರೆ ಕಾರಣ ಅದೇ.

ಟೈಮ್ ವಿಷ್ಯ. ಕ್ವಾಂಟ್ ಮೊದಲ ಸೆಕ್ಷನ್ 12 ಪ್ರಶ್ನೆ 21 ನಿಮಿಷ, ಎರಡನೇದು 15 ಪ್ರಶ್ನೆ 26 ನಿಮಿಷ, ಅಂದ್ರೆ ಒಂದಕ್ಕೆ ಎರಡು ನಿಮಿಷನೂ ಇಲ್ಲ. ನಿಮ್ಮ ಮಾಕ್ ರಿಪೋರ್ಟಲ್ಲಿ ಪ್ರತಿ ಪ್ರಶ್ನೆಗೆ ತಗೊಂಡ ಟೈಮ್ ತೋರ್ಸಿದ್ರೆ ನಾಲ್ಕು ನಿಮಿಷ ದಾಟಿದ್ದನ್ನ ಹುಡುಕಿ. ಅದು ಸರಿ ಬಂದಿದ್ರೂ ಅದಕ್ಕೆ ಬಲಿಯಾದ ಎರಡು ಸುಲಭದ ಪ್ರಶ್ನೆ ಕೊನೇಲಿ ಇರುತ್ತೆ. ಮೊದಲ ಸೆಕ್ಷನ್ ಹೇಗೆ ಮಾಡ್ತೀರೋ ಅದನ್ನ ನೋಡಿ ಎರಡನೇದ್ರ ಕಷ್ಟ ನಿರ್ಧಾರ ಆಗೋದು, ಹಾಗಾಗಿ ಅಲ್ಲಿ ಹಠಕ್ಕೆ ಬಿದ್ದು ಕೂರ್ಬೇಡಿ, ಮಾರ್ಕ್ ಮಾಡಿ ಮುಂದೆ ಹೋಗಿ, ಆ ಸೆಕ್ಷನ್ ಮುಗಿಯೋದ್ರೊಳಗೆ ವಾಪಸ್ ಬರ್ಬಹುದು.

ಐದು ವಾರಕ್ಕೆ ಮೂರು ಮಾಕ್ ಸಾಕು. ಪರೀಕ್ಷೆ ನಡೆಸೋ ಇಟಿಎಸ್‌ನವರೇ ಫ್ರೀಯಾಗಿ ಕೊಡೋ ಎರಡು ಪವರ್‌ಪ್ರೆಪ್ ಟೆಸ್ಟ್ ಇನ್ನೂ ಮುಟ್ಟಿಲ್ಲ ಅಂದ್ರೆ ಒಂದನ್ನ ಈಗ ಬರೀರಿ, ಒಂದನ್ನ ಪರೀಕ್ಷೆಗೆ ಹತ್ತು ದಿನ ಮುಂಚೆಗೆ ಎತ್ತಿಡಿ. ಬೇರೆ ಬೇರೆ ಕಂಪನಿ ಮಾಕ್‌ಗಳ ಸ್ಕೋರನ್ನ ಒಂದಕ್ಕೊಂದು ಹೋಲಿಸ್ಬೇಡಿ, ಒಬ್ಬೊಬ್ಬರದು ಒಂದೊಂದು ಅಳತೆಗೋಲು.

ಪ್ರಶ್ನೆ: ಮನೇಲಿ ಮಾಕ್‌ನಲ್ಲಿ 318 ಬರ್ತಿತ್ತು, ನಿಜವಾದ ಪರೀಕ್ಷೇಲಿ 309. ನಂದು ಏನ್ ತಪ್ಪು?

ಉತ್ತರ: ಮನೇಲಿ ಎಸ್ಸೇ ಬಿಟ್ಟು ಬರೀತಿದ್ರಾ? ಮುಕ್ಕಾಲು ಪಾಲು ಜನ ಬಿಡ್ತಾರೆ, ನಾನೂ ಬಿಟ್ಟಿದ್ದೆ. ನಿಜವಾದ ಪರೀಕ್ಷೇಲಿ ಮೊದ್ಲು ಅದೇ ಬರೋದು, 30 ನಿಮಿಷ ಟೈಪ್ ಮಾಡಿ ಸುಸ್ತಾದ ತಲೇಲಿ ಕ್ವಾಂಟ್ ವರ್ಬಲ್ ಮಾಡ್ಬೇಕು, ಒಟ್ಟು 1 ಗಂಟೆ 58 ನಿಮಿಷ, ಮಧ್ಯೆ ಬ್ರೇಕ್ ಇಲ್ಲ. ಮನೇಲಿ ಪಾಸ್ ಬಟನ್ ಒತ್ತಿ ಟೀ ಕುಡಿದು ಬಂದಿದ್ರೆ ಆ 318 ಬೇರೆ ಯಾವ್ದೋ ಪರೀಕ್ಷೇದು. ಮೊದ್ಲೇ ನೋಡಿದ ಪ್ರಶ್ನೆ ಮಾಕ್‌ನಲ್ಲಿ ಬಂದಿತ್ತಾ ಅಂತಾನೂ ನೆನಪು ಮಾಡ್ಕೊಳ್ಳಿ. 21 ದಿನ ಆದ್ಮೇಲೆ ಮತ್ತೆ ಬರೀಬಹುದು, ಬೇಕಾದ ಸ್ಕೋರನ್ನ ಮಾತ್ರ ಕಳಿಸೋ ಅವಕಾಶನೂ ಇದೆ, ಗಾಬರಿ ಬೇಡ.

ಪ್ರಶ್ನೆ: ಅಕ್ಕನ ಹಳೇ ಪುಸ್ತಕದಲ್ಲಿ ಮೂರೂಮುಕ್ಕಾಲು ಗಂಟೆ ಮಾಕ್‌ಗಳಿವೆ, ಬರೀಬಹುದಾ?

ಉತ್ತರ: 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ, ಎರಡು ಎಸ್ಸೇಲಿ ಆರ್ಗ್ಯುಮೆಂಟ್ ಎಸ್ಸೇ ತೆಗೆದುಹಾಕಿದ್ದಾರೆ. ಪ್ರಶ್ನೆಗಳ ಜಾತಿ ಅದೇ ಇರೋದ್ರಿಂದ ಬಿಡಿ ಬಿಡಿಯಾಗಿ ಪ್ರಾಕ್ಟೀಸ್‌ಗೆ ಆರಾಮಾಗಿ ಬಳಸಿ, ಆದ್ರೆ ಆ ಪುಸ್ತಕದ ಸ್ಕೋರ್ ಟೇಬಲ್ ನೋಡೋಕೆ ಹೋಗ್ಬೇಡಿ.