ಓದುಗರ ಪ್ರಶ್ನೆ: ಹಳೆಯ ಥಿಯೇಟರಿನ ಬೀಡು ಕಬ್ಬಿಣದ ಕುರ್ಚಿಗಳು

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಕನ್ನಡಿಗ. ಇಲ್ಲಿ ಕೆಡವಿದ ಕಟ್ಟಡಗಳ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹಳೆಯ ಥಿಯೇಟರ್ ಕುರ್ಚಿಗಳ ಬೀಡು ಕಬ್ಬಿಣದ ಬದಿಯ ಚೌಕಟ್ಟುಗಳು ಬಿಡಿಬಿಡಿಯಾಗಿ ಸಿಗುತ್ತಿವೆ. ಹೂಬಳ್ಳಿಯ ಅಲಂಕಾರವಿರುವ ಎರಡನ್ನು ಆರಿಸಿಟ್ಟಿದ್ದೇನೆ. ಪಡಸಾಲೆಯಲ್ಲಿ ಇಬ್ಬರು ಕೂರುವಂತಹ ಆಸನ ಮಾಡಿಸುವ ಆಸೆ. ಕೊಳ್ಳುವ ಮುನ್ನ ಏನು ನೋಡಬೇಕು?

ಉತ್ತರ: ಎರಡು ಚೌಕಟ್ಟು ಸಾಲವು, ಮೂರು ಬೇಕು. ಥಿಯೇಟರಿನ ಸಾಲಿನಲ್ಲಿ ಅಕ್ಕಪಕ್ಕದ ಕುರ್ಚಿಗಳು ನಡುವಿನ ಚೌಕಟ್ಟನ್ನು ಹಂಚಿಕೊಳ್ಳುವುದರಿಂದ, ನಿಮಗೆ ಅಲಂಕಾರವಿಲ್ಲದ, ಎರಡೂ ಬದಿಗೆ ಮಡಚುವ ಆಸನದ ಕೀಲು ಕೂರಿಸಬಹುದಾದ ನಡುವಿನ ಚೌಕಟ್ಟೊಂದು ಬೇಕಾಗುತ್ತದೆ. ಹೂಬಳ್ಳಿ ಇರುವುದು ಓಡಾಡುವ ದಾರಿಯ ಕಡೆಯ ಮುಖಕ್ಕೆ ಮಾತ್ರ. ಆದ್ದರಿಂದ ನೀವು ಆರಿಸಿದವುಗಳಲ್ಲಿ ಒಂದು ಎಡದ್ದು, ಇನ್ನೊಂದು ಬಲದ್ದು ಆಗಿರಲೇಬೇಕು. ಅಲಂಕಾರ ಹೊರಮುಖವಾಗುವಂತೆ ಎರಡನ್ನೂ ಎದುರುಬದುರು ನಿಲ್ಲಿಸಿ, ಕೈಯೊರಗುಗಳು ಒಂದೇ ದಿಕ್ಕಿಗೆ ಚಾಚಿವೆಯೇ ಎಂದು ಅಂಗಡಿಯಲ್ಲೇ ನೋಡಿಬಿಡಿ.

ಹೆಚ್ಚಿನವರು ಎಡವುವುದು ಪಾದದ ವಿಷಯದಲ್ಲಿ. ಥಿಯೇಟರಿನ ನೆಲ ವೇದಿಕೆಯ ಕಡೆಗೆ ಇಳಿಜಾರಾಗಿದ್ದಲ್ಲಿ, ಕುರ್ಚಿ ಮುಂದಕ್ಕೆ ವಾಲದಿರಲೆಂದು ಮುಂಗಾಲನ್ನು ಉದ್ದವಾಗಿಯೂ ಪಾದದ ತಳವನ್ನು ಓರೆಯಾಗಿಯೂ ಎರಕ ಹೊಯ್ಯುತ್ತಿದ್ದರು. ಅಂತಹುದನ್ನು ಮಟ್ಟಸವಾದ ನೆಲದ ಮೇಲಿಟ್ಟರೆ ಕೂತವರು ಹಿಂದಕ್ಕೆ ವಾಲುತ್ತಾರೆ. ಹಿಂಗಾಲಿನಡಿ ಗಟ್ಟಿ ಮರದ ಓರೆಪಟ್ಟಿ ಕೊಟ್ಟು, ಮೂರೂ ಚೌಕಟ್ಟುಗಳನ್ನು ಒಂದೇ ದಪ್ಪ ಹಲಗೆಗೆ ಬೋಲ್ಟ್ ಮಾಡಿಸಿದರೆ ಇದು ಸರಿಹೋಗುತ್ತದೆ. ನೆಲಕ್ಕೆ ಬಿಗಿಯದ ಚೌಕಟ್ಟು ತಾನಾಗಿ ನಿಲ್ಲುವುದಿಲ್ಲವಾದ್ದರಿಂದ ಹಲಗೆಯಂತೂ ಹೇಗೂ ಬೇಕು. ಬೇರೆ ಬೇರೆ ಸಾಲಿನಿಂದ ಬಂದ ಚೌಕಟ್ಟುಗಳ ಇಳಿಜಾರು ಬೇರೆಯಿರಬಹುದು, ಮೂರನ್ನೂ ಅಳೆಯಿರಿ.

ಒಂದು ಅಯಸ್ಕಾಂತವನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ಅಂಟದಿದ್ದರೆ ಚೌಕಟ್ಟು ಬೀಡಿನದಲ್ಲ, ಬಹುಶಃ ಇತ್ತೀಚಿನ ಅಲ್ಯುಮಿನಿಯಂ ನಕಲು. ಆಸನದಡಿ ಹ್ಯಾಟ್ ಸಿಕ್ಕಿಸಲು ಮಾಡಿದ ತಂತಿಯ ಚೌಕಟ್ಟು ಉಳಿದಿದ್ದರೆ ಅದನ್ನು ಬಿಡಬೇಡಿ; ಗುಜರಿಗೆ ಮೊದಲು ಹೋಗುವ ಭಾಗವೇ ಅದು.

ಪ್ರಶ್ನೆ: ಕೀಲಿನ ಬಳಿ ಪೇಟೆಂಟ್ ವರ್ಷ ಮೂಡಿದೆ. ತಯಾರಾದ ವರ್ಷ ಅದೇ ಏನು?

ಉತ್ತರ: ಅಲ್ಲ. ಕೀಲು ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ತಿಳಿಯುತ್ತದೆ. ಒಂದೇ ಅಚ್ಚಿನಿಂದ ಹಲವು ವರ್ಷ ಎರಕ ಹೊಯ್ಯುತ್ತಿದ್ದರು. ಒಳಬದಿಯಲ್ಲಿ ತಯಾರಕರ ಹೆಸರನ್ನು ಹುಡುಕಿ. ಶಾಲೆಯ ಪೀಠೋಪಕರಣಕ್ಕಾಗಿ 1886ರಲ್ಲಿ ಆರಂಭವಾಗಿ ಮುಂದೆ ಥಿಯೇಟರುಗಳಿಗೂ ಕುರ್ಚಿ ಒದಗಿಸಿದ ಅಮೆರಿಕನ್ ಸೀಟಿಂಗ್ ಕಂಪನಿ ನಿಮ್ಮದೇ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್‌ನದು.

ಪ್ರಶ್ನೆ: ಒಂದರ ಕಾಲಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ. ವೆಲ್ಡಿಂಗ್ ಮಾಡಿಸಬಹುದೇ?

ಉತ್ತರ: ಸಂತೆಯಲ್ಲಿ ಮಡಕೆ ತಟ್ಟಿ ನೋಡುವಂತೆ ಚೌಕಟ್ಟನ್ನು ನೇತುಹಾಕಿ ಮರದ ಹಿಡಿಯಿಂದ ತಟ್ಟಿ. ಖಣಿಲ್ಲೆನ್ನದೆ ಮಂದ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕುಗಳೂ ಇರುವ ಸಂಭವವಿದೆ. ಬೀಡಿನಲ್ಲಿ ಇಂಗಾಲ ಹೆಚ್ಚು, ಅದು ಬಾಗುವ ಬದಲು ಒಡೆಯುತ್ತದೆ; ಉಕ್ಕಿನ ಸಾಮಾನ್ಯ ಸರಳಿನಿಂದ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುವುದೇ ಹೆಚ್ಚು. ಇಡೀ ಭಾಗವನ್ನು ಮೊದಲೇ ಕಾಯಿಸಿ, ನಿಕ್ಕಲ್ ಸರಳಿನಿಂದ ಬೆಸೆದು, ನಿಧಾನವಾಗಿ ಆರಿಸಬಲ್ಲ ಕೆಲಸಗಾರ ಸಿಕ್ಕರೆ ಮಾಡಿಸಿ, ಇಲ್ಲವೇ ಬೀಡನ್ನು ಕರಗಿಸದೆ ಕಂಚಿನ ಸರಳನ್ನಷ್ಟೇ ಕರಗಿಸಿ ಬೆಸೆಯುವ ಬ್ರೇಜಿಂಗ್ ಸಾಕು. ಬಿರುಕು ಭಾರ ಹೊರುವ ಕಾಲಿನಲ್ಲೇ ಇರುವುದರಿಂದ ನಾನಾದರೆ ಬೇರೆ ತುಂಡನ್ನೇ ಹುಡುಕುತ್ತಿದ್ದೆ.

ಪ್ರಶ್ನೆ: ಹಳೆಯ ಬಣ್ಣ ಕೆರೆದು ತೆಗೆಯಲೇ?

ಉತ್ತರ: ಅದರಲ್ಲಿ ಸೀಸವಿದೆ ಎಂದೇ ಭಾವಿಸಿ. ಮನೆಬಳಕೆಯ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ. ಬಣ್ಣ ಕರಗಿಸುವ ಲೇಪ ಹಚ್ಚಿ, ತೇವವಾಗಿರುವಾಗಲೇ, ಮಕ್ಕಳಿಲ್ಲದ ಕಡೆ ತೆಗೆಯಿರಿ. ಮೂಲೆಯೊಂದರಲ್ಲಿ ಮೊದಲು ಪದರ ಪದರವಾಗಿ ಬಿಡಿಸಿ ನೋಡುವುದು ಲೇಸು, ಏಕೆಂದರೆ ಅಡಿಯಲ್ಲಿ ಮೂಲದ ಕಂಚುಬಣ್ಣ ಚೆನ್ನಾಗಿ ಉಳಿದಿದ್ದರೆ ಅದನ್ನು ಕಳೆಯುವುದೇ ನಷ್ಟ. ಬರಿದಾದ ಬೀಡಿಗೆ ಬೇಗನೆ ತುಕ್ಕು ಹಿಡಿಯುವುದರಿಂದ, ತೊಳೆದು ಪೂರ್ತಿ ಒಣಗಿಸಿದ ದಿನವೇ ತುಕ್ಕುನಿರೋಧಕ ಪ್ರೈಮರ್ ಹಚ್ಚಿ.